ಕಾಕಾನ ರಟ್ಟಿನ ಚೀಟಿಗಳು

ಆ ರವಿವಾರ ಮುಂಜಾನೆ ನಮ್ಮ ಮನೆಯಲ್ಲಿ ಎಲ್ಲವೂ ದಿನದಂತೆಯೇ ನಡೆದಿತ್ತು. ಬಚ್ಚಲೊಲೆಗೆ ಉರಿ ಬಿದ್ದಿತ್ತು. ಅತ್ತೆಯವರು ಹಾಲಿನವಳ ಮುಂದೆ, ‘ಇದು ಎಮ್ಮಿ ಹಾಲೋ, ಬಾವಿ ಹಾಲೋ?’ ಎಂದು ವಾದ ಹೂಡಿದ್ದರು. ನಮ್ಮವರು ಪಡಸಾಲೆಯ ಕಂಬಕ್ಕೆ ಒರಗಿ, ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿ, ನಿನ್ನೆ ಓದಿ ಮುಗಿಸಿದ ಪೇಪರನ್ನು ಮತ್ತೆ ಓದುತ್ತಿದ್ದರು. ನಾನು ಹಿತ್ತಲ ಕಸ ಗುಡಿಸುತ್ತ, ಗೋಡೆಯ ಬುಡದಲ್ಲಿ ಬಿದ್ದ ಬಕುಳದ ಹೂಗಳನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಅಂಗಿಯ ಗುಂಡಿಯಷ್ಟು ಸಣ್ಣ ಹೂ. ಆದರೆ ಏನು ವಾಸನೆ! ಗೋಡೆಯಾಚೆ ಖಾತೂನಬಿಯ ಹಿತ್ತಲು. ಅವಳ ಗಂಡ ಊರಿನ ತಾಮ್ರದ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವರು. ಅವಳ ಕಡೆಯ ಗಿಡವೊಂದು ಈ ವರ್ಷ ಗೋಡೆಯ ಮೇಲೆ ತಲೆ ಹಾಕಿ, ಎಂಟು ದಿನದಿಂದ ನಮ್ಮ ಹಿತ್ತಲಿಗೆ ಹೂ ಉದುರಿಸುತ್ತಿತ್ತು. ಕಳವು ಅನ್ನಬೇಡಿ! ಗೋಡೆಯ ಈಚೆ ಬಿದ್ದದ್ದು ನಮ್ಮದು. ವಕೀಲರ ಹೆಂಡತಿಗೆ ಇಷ್ಟಾದರೂ ಕಾಯಿದೆ ತಿಳಿದಿರಬೇಡವೆ?

ದಿನದಂತೆ ಆಗದೆ ಉಳಿದದ್ದು ಒಂದೇ ಒಂದು. ಕಾಕಾ ತಂಬಿಗೆ ಹಿಡಿದು ಹೊರಗೆ ಹೋಗಲಿಲ್ಲ!

ಕಾಕಾ ಎಂದರೆ ನಮ್ಮ ಮಾವನವರ ತಮ್ಮ. ಮಾವನವರು ತೀರಿಕೊಂಡ ಮೇಲೆ ಮನೆಗೆ ಹಿರಿಯರು. ಹೆಂಡತಿ ಮಕ್ಕಳ ತಂಟೆಗೆ ಹೋಗದೆ, ಹುಬ್ಬಳ್ಳಿಯ ರೈಲ್ವೆ ಮಾಲುಗೋದಾಮಿನಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ಪಾಯಿಖಾನೆ ಇದ್ದರೂ ದಿನಾ ಬೆಳಗಾಗುವುದೇ ತಡ, ತಂಬಿಗೆ ತುಂಬಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ನಡೆದುಬಿಡುವರು. ತಂಬಿಗೆ ಹಿಡಿದು ಹೊರಟ ಗಂಡಸನ್ನು ‘ಎಲ್ಲಿಗೆ?’ ಎಂದು ಕೇಳುವ ಸಂಪ್ರದಾಯ ನಮ್ಮ ಸೀಮೆಯಲ್ಲಿಲ್ಲ. ಕೇಳುವುದಿರಲಿ, ಅವರು ಹಿತ್ತಲು ದಾಟುವಾಗ ನಾವು ಹೆಂಗಸರು ಮುಖ ತಿರುಗಿಸಿ ಖಾತೂನಬಿಯ ಕಡೆಯ ಗೋಡೆ ನೋಡುತ್ತಿದ್ದೆವು. ಹನ್ನೊಂದು ವರ್ಷ ನಾನು ಆ ಗೋಡೆಯನ್ನು ನೋಡಿದ್ದೇನೆ. ಅದರ ಒಂದೊಂದು ಬಿರುಕೂ ನನಗೆ ಬಾಯಿಪಾಠ!

ಅಂಥವರ ತಂಬಿಗೆ ಇವತ್ತು ಗೂಡಿನಲ್ಲೇ ಕುಳಿತಿದೆ ಎಂದರೆ ಅತ್ತೆಯವರಿಗೆ ಗಾಬರಿಯಾಗದೆ ಇರುತ್ತದೆಯೆ? ಓಂಕಾಳು, ಉಪ್ಪು ಹಿಡಿದು ಬಂದೇಬಿಟ್ಟರು.

‘ಹೊಟ್ಟಿ ಕೆಟ್ಟೈತೇನೊ? ಇದನ್ನ ಬಾಯಾಗ ಹಾಕ್ಕೊಂಡು ಬಿಸಿನೀರು ಕುಡಿ.’

‘ವೈನಿ, ಹೊಟ್ಟಿಗೇನೂ ಆಗಿಲ್ಲ. ಗಾಡಿ ತಪ್ಪತೈತಿ. ಒಂದಿನ ಬಿಟ್ಟರ ಯಾರೂ ಸಾಯೂದಿಲ್ಲ.’

‘ಯಾರ ಸಾಯೂದಿಲ್ಲೊ? ಸಾಯಾಂವ ನೀನು!’

ಕಾಕಾ ನಕ್ಕು, ಒಮ್ಮೆ ಗೋಡೆಯ ಕಡೆ ನೋಡಿ, ಬುತ್ತಿಯ ಗಂಟು ಹೆಗಲಿಗೇರಿಸಿದರು.

ಗಾಡಿ ಮುಗದಕ್ಕೆ. ಶಿವರಾತ್ರಿ ಮುಗಿದ ಮೊದಲ ರವಿವಾರ ಮಕ್ಕಳಿಗೆ ಮುಗದದ ಕೆರೆ ತೋರಿಸುವುದು ಕಾಕಾ ಹಾಕಿಕೊಂಡ ವ್ರತ. ದೊಡ್ಡ ಲಡಾಯಿ ಇನ್ನೂ ಸುರುವಾಗಿರಲಿಲ್ಲ. ಮುಂಜಾನೆಯ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತರೆ ಧಾರವಾಡ ದಾಟಿ ಮುಗದದಲ್ಲಿ ಇಳಿದು, ಬುತ್ತಿ ಉಂಡು, ಹೊತ್ತು ಮುಳುಗುವುದರೊಳಗೆ ಹುಬ್ಬಳ್ಳಿಗೆ ಬಂದುಬಿಡಬಹುದಾಗಿತ್ತು. ಒಂಬತ್ತು ವರ್ಷದ ಶಾಂತಾ, ಆರು ವರ್ಷದ ಬಾಬು, ನಮ್ಮವರು, ಕಾಕಾ. ಪ್ರತಿ ವರ್ಷ ಹಪ್ಪಳ ಸಂಡಿಗೆಯ ನೆಪದಲ್ಲಿ ಮನೆಯಲ್ಲೇ ಉಳಿಯುತ್ತಿದ್ದ ನಾನು ಈ ಸಲ ಹೊರಟುನಿಂತೆ. ಹಟ ಹಿಡಿದೇ ಹೊರಟೆ. ಯಾಕೆಂದರೆ ನನಗೆ ಚೀಟಿ ಬೇಕಿತ್ತು.

ಅದನ್ನು ಬಿಡಿಸಿ ಹೇಳಬೇಕು. ನಮ್ಮ ಕಾಕಾ ಬಳಗದ ಅರ್ಧ ಜನರನ್ನು ಗಿಡ ಮಾಡಿದ್ದಾರೆ, ಉಳಿದರ್ಧ ಜನರನ್ನು ಹಕ್ಕಿ ಮಾಡಿದ್ದಾರೆ. ಮಾಟ ಮಂತ್ರ ಏನೂ ಇಲ್ಲ, ಹೆದರಬೇಡಿ! ಗೋದಾಮಿಗೆ ಬಂದ ಮಾಲಿಗೆ ರಟ್ಟಿನ ಚೀಟಿ ಕಟ್ಟಿ ಕಟ್ಟಿ ಅವರ ಕೈ ಕೆಟ್ಟುಹೋಗಿದೆ. ಚೀಟಿಯಿಲ್ಲದ ವಸ್ತುವನ್ನು ಕಂಡರೆ ಅವರಿಗೆ ಸಮಾಧಾನವಿಲ್ಲ. ನಿವೃತ್ತಿಯಾದಾಗ ಮುರುಕು ಚೀಟಿಗಳ ಒಂದು ಪೆಂಡಿಯನ್ನೇ ಕೇಳಿ ತಂದಿದ್ದಾರೆ. ಗಿಡ ಕಂಡಲ್ಲಿ ಚೀಟಿ. ಅದರ ಮೇಲೆ ಬಳಗದಲ್ಲಿ ಯಾರ ಗುಣ ಆ ಗಿಡಕ್ಕಿದೆಯೋ ಅವರ ಹೆಸರು. ಅತ್ತೆಯವರು ಬೇವಿನ ಮರ: ಬಾಯಿಗೆ ಹಾಕಿದರೆ ಕಹಿ, ಕೆಳಗೆ ಕುಳಿತರೆ ನೆರಳು. ನಮ್ಮವರು ಕೊಕ್ಕರೆ: ಒಂಟಿ ಕಾಲಿನಲ್ಲಿ ನಿಂತು, ಕಕ್ಷಿದಾರ ತಾನಾಗಿ ಬರುವವರೆಗೆ ಬಾಯಿ ಬಿಚ್ಚುವುದಿಲ್ಲ. ಬಳಗದಲ್ಲಿ ಇದಕ್ಕೆ ಯಾರೂ ಸಿಟ್ಟಾಗುವುದಿಲ್ಲ; ಚೀಟಿ ಸಿಗದಿದ್ದರೆ ಸಿಟ್ಟಾಗುತ್ತಾರೆ. ಮದುವೆಯಾಗಿ ಬಂದ ಸೊಸೆಗೆ ಚೀಟಿ ಬಿತ್ತೆಂದರೆ ಅವಳು ಈ ಮನೆಯವಳಾದಳು ಎಂದು ಲೆಕ್ಕ. ನನಗಿಂತ ಎಷ್ಟೋ ವರ್ಷ ಹಿಂದೆ ಬಂದ ಓರಗಿತ್ತಿಗೆ ಬಂದ ಆರನೆಯ ತಿಂಗಳಿಗೇ ಹುಣಸೆಯ ಚೀಟಿ ಸಿಕ್ಕಿತ್ತಂತೆ.

ನನಗೆ? ಹನ್ನೊಂದು ವರ್ಷ ಕಳೆದರೂ ಇಲ್ಲ!

ಕೇಳಿದಾಗಲೆಲ್ಲ, ಮಾಲು ಇನ್ನೂ ಬಂದು ತಲುಪದ ಗಿರಾಕಿಗೆ ಹೇಳುವಂತೆ, ಒಂದೇ ಉತ್ತರ: ‘ಇನ್ನೂ ಮಾಲು ಮುಟ್ಟಿಲ್ಲ, ತಂಗಿ.’

ತಪ್ಪು ನನ್ನದೇ ಇರಬಹುದು ಎಂದು ನಾನೂ ಅಂದುಕೊಂಡಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮದರ್ ತೋರಿಸಿದ ಚಿತ್ರ ನೋಡಿ, ಹಿಂದೂಸ್ಥಾನದಲ್ಲೇ ಬೆಳೆಯದ ಹದಿನಾಲ್ಕು ಹೂಗಳ ಹೆಸರನ್ನು ಉಸಿರು ಬಿಡದೆ ಹೇಳುತ್ತಿದ್ದೆ. ಈ ಮನೆಗೆ ಬಂದ ಹೊಸದರಲ್ಲಿ ಅತ್ತೆಯವರು ಹಿತ್ತಲಿನಿಂದ ರಾಜಗಿರಿ ಸೊಪ್ಪು ತಾ ಎಂದರೆ, ಅದರ ಪಕ್ಕದ ಕಸವನ್ನು ಒಪ್ಪವಾಗಿ ಕಿತ್ತು, ತೊಳೆದು, ಬುಟ್ಟಿಯಲ್ಲಿಟ್ಟು ಕೊಟ್ಟಿದ್ದೆ! ಅಂಥವಳಿಗೆ ಕಾಕಾ ಯಾವ ಗಿಡದ ಹೆಸರು ಕೊಟ್ಟಾರು? ಆದರೂ ಆಸೆ ನೋಡಿ. ಇವತ್ತು ಸಂಜೆ ಮನೆಗೆ ಮರಳುವುದರೊಳಗೆ ಚೀಟಿ ಕಟ್ಟಿಸಿಕೊಂಡೇ ತೀರುವುದೆಂದು ಪಣ ತೊಟ್ಟಿದ್ದೆ.

ಮುಗದದಲ್ಲಿ ಇಳಿದು, ಕುಂಬಾರರ ಅಂಗಳದಲ್ಲಿ ಒಣಗಲು ಬೋರಲಿಟ್ಟ ಗಡಿಗೆಗಳ ಪಕ್ಕದಿಂದ ಹಾದು, ಕೆರೆಯ ದಾರಿ ಹಿಡಿದೆವು. ಹತ್ತು ಹೆಜ್ಜೆ ಹಾಕಿರಲಿಲ್ಲ, ನನ್ನ ಸೀರೆಯ ಅಂಚಿಗೆ ಒಣಗಿದ ಉತ್ತರಾಣಿಯ ಬೀಜ ಸಾಲಾಗಿ ಹತ್ತಿಕೊಂಡವು. ಬಾಬು ಚಪ್ಪಾಳೆ ತಟ್ಟಿದ.

‘ಬಾಗಲಕೋಟಿ ಮಾವ ಬಂದ್ರು! ಬಾಗಲಕೋಟಿ ಮಾವ ಬಂದ್ರು!’

ಎರಡು ದಿನಕ್ಕೆಂದು ಬಂದು ಎರಡು ತಿಂಗಳು ಉಳಿಯುವ ಒಬ್ಬ ಮಾವ ನಿಮ್ಮ ಮನೆಗೂ ಇದ್ದಾರು.

‘ಯಾಕ ಹತ್ತಕೋತೈತಿ ಹೇಳು ನೋಡೋಣ?’ ಕಾಕಾ ಕೇಳಿದರು.

‘ಕಾಲಿಲ್ಲಲ್ಲರಿ ಅದಕ್ಕ, ಅಜ್ಜಾ. ಊರಿಂದ ಊರಿಗೆ ಹೋಗಿ ಸಸಿ ಆಗಬೇಕಲ್ಲ?’ ಎಂದಳು ಶಾಂತಾ.

‘ಶಾಬಾಸ್! ಟಿಕೀಟಿಲ್ಲದ ಪ್ಯಾಸೆಂಜರು! ನನ್ನ ಸರ್ವಿಸ್ಸಿನಾಗ ಇಂಥಾವರನ್ನ ಎಷ್ಟು ಮಂದೀನ ನೋಡೇನಿ!’

ನಾನು ಬಾಗಿ ಮಾವನವರನ್ನು ಒಬ್ಬೊಬ್ಬರಾಗಿ ಕಿತ್ತೆ. ಹದಿನೇಳು ಮಂದಿ ಇದ್ದರು.

ಮುಂದೆ ಹೊಲದ ಬದುವಿನಲ್ಲಿ ಮುತ್ತಲದ ಮರ. ಒಂದೆಲೆಯಿಲ್ಲ, ಮೈತುಂಬ ಕೆಂಡದಂಥ ಹೂ. ನಾನು ಮೆಲ್ಲಗೆ, ಏನೂ ಅರಿಯದವಳಂತೆ, ‘ಎಷ್ಟು ಛಲೋ ಐತಿ ನೋಡ್ರಿ ಕಾಕಾ. ಇದು ಯಾರದು?’ ಎಂದೆ.

‘ನಿನ್ನ ನಾದಿನಿ, ಮುಂಬೈದಾಕಿ. ಮೈತುಂಬ ಒಡವಿ, ಊಟಕ್ಕ ಹಾಕಾಕ ಒಂದ ಎಲಿ ಇಲ್ಲ.’

ಸರಿ. ನೀರಿನಲ್ಲಿ ನೈದಿಲೆ ಅರಳಿತ್ತು. ಅದು ಗೋಕಾಕದ ಹಿರಿಯ ಅಜ್ಜಿಗೆ ಎಂದೋ ಹೋಗಿತ್ತು. ಮಿಂಚುಳ್ಳಿ ಸರ್ರನೆ ನೀರಿಗೆ ಬಿದ್ದು ಮೀನು ಹಿಡಿಯಿತು. ಅದು ಪೊಲೀಸ್ ಖಾತೆಯ ಭಾವ. ಇರುವೆ? ಓರಗಿತ್ತಿಯ ತಾಯಿ! ಒಳ್ಳೊಳ್ಳೆಯದೆಲ್ಲ ಹಂಚಿಹೋಗಿದೆಯಲ್ಲಪ್ಪ! ಕೊನೆಗೆ ನಾಚಿಕೆ ಬಿಟ್ಟು, ‘ಆ ಕಲ್ಲಿನ ಮ್ಯಾಲಿನ ಹಾವಸಿನರೇ ಕೊಡ್ರಿ ಕಾಕಾ’ ಎಂದೆ.

‘ಹಾವಸಿ ಮ್ಯಾಲ ಕಾಲಿಟ್ಟಾಂವ ಜಾರಿ ಬೀಳತಾನ. ನಿನ್ನಿಂದ ಈ ಮನ್ಯಾಗ ಯಾರು ಜಾರಿಬಿದ್ದಾರ, ತಂಗಿ?’

ಅಷ್ಟರಲ್ಲಿ ಬಾಬು ಕೆರೆಯ ದಂಡೆಯಲ್ಲಿ, ‘ಅಪ್ಪಾ, ಬುತ್ತಿ ಬಿಚ್ಚ್ಯಾರ, ಬರ್ರಿ!’ ಎಂದು ಕೂಗುವುದು ಕೇಳಿತು. ತಿರುಗಿ ನೋಡಿದರೆ ಹುಡುಗ ಕರೆಯುತ್ತಿದ್ದದ್ದು ಒಂದು ಕೊಕ್ಕರೆಯನ್ನು! ಅದರಿಂದ ನಾಲ್ಕು ಮಾರು ಆಚೆ ನಮ್ಮವರು ಅದೇ ಠೀವಿಯಲ್ಲಿ ನೀರು ನೋಡುತ್ತ ನಿಂತಿದ್ದರು. ಕೊಕ್ಕರೆ ನಮ್ಮವರನ್ನು ನೋಡಿತು, ನಮ್ಮವರು ಕೊಕ್ಕರೆಯನ್ನು ನೋಡಿದರು. ಮೊದಲು ನಾಚಿ ಹಾರಿಹೋದದ್ದು ಕೊಕ್ಕರೆ.

ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಉಂಡು ಕೈ ತೊಳೆಯುವಾಗ ಒಡ್ಡಿನ ಆಚೆ, ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ಒಂದು ಹಕ್ಕಿ ಆಕಾಶ ಹರಿದುಬೀಳುವಂತೆ ಕೂಗತೊಡಗಿತು. ಟಿಟ್ಟಿಭ. ಹಳದಿ ಕಾಲು, ಮೂಗಿನ ಹತ್ತಿರ ಕೆಂಪು. ಮಕ್ಕಳಿಬ್ಬರೂ ಒಂದೇ ಉಸಿರಿಗೆ, ‘ಗೌರವ್ವಜ್ಜಿ!’ ಎಂದರು.

ಗೌರವ್ವಜ್ಜಿ ಎಂದರೆ ಗದಗಿನಲ್ಲಿರುವ ಕಾಕಾನ ಅಕ್ಕ. ಕೆಂಪು ಹರಳಿನ ಮೂಗುಬಟ್ಟು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಓಣಿಗೆಲ್ಲ ಕೇಳುವಂತೆ ಒದರುವ ಗಂಟಲು.

ಆ ಗದ್ದೆಯ ನಡುವೆ ಹ್ಯಾಟು ಹಾಕಿಕೊಂಡು, ಕೊರಳಿಗೆ ದುರ್ಬೀನು ತೂಗಿಬಿಟ್ಟುಕೊಂಡ ಒಬ್ಬ ಗೃಹಸ್ಥರು ನೆಲಕ್ಕೆ ಬಾಗಿ ಏನೋ ಹುಡುಕುತ್ತಿದ್ದರು. ಹಕ್ಕಿ ಎಲ್ಲಿ ಕೂಗುತ್ತಿತ್ತೋ ಅಲ್ಲಿಗೆ ಓಡುವರು. ಅದು ಇನ್ನೊಂದು ಕಡೆ ಹೋಗಿ ಕೂಗಿದರೆ ಅಲ್ಲಿಗೆ. ಕಾಕಾ ವಿಚಾರಿಸಿದಾಗ ತಿಳಿಯಿತು: ಧಾರವಾಡದಲ್ಲಿ ಕಾಲೇಜು ಮಾಸ್ತರರಂತೆ, ಹಕ್ಕಿಗಳ ಅಭ್ಯಾಸವಂತೆ.

‘ಮೂರು ರವಿವಾರ ಆತ್ರೀ,’ ಎಂದು ಬೆವರು ಒರೆಸಿಕೊಂಡರು. ‘ಇಲ್ಲೇ ತತ್ತಿ ಇಟ್ಟೈತಿ. ಗೂಡ ಸಿಗವಲ್ದು. ಹಿಂಗ ಒದರಾಕತ್ತೈತಿ ಅಂದ್ರ ಇಲ್ಲೇ ಎಲ್ಲೋ ಇರಬೇಕು.’

ಶಾಂತಾ ನನ್ನ ಸೆರಗು ಜಗ್ಗಿದಳು. ‘ಅವ್ವಾ, ಒದರಾಕತ್ತೈತಿ ಅಂದ್ರ ಅಲ್ಲಿರೂದಿಲ್ಲ.’

ಮಾಸ್ತರರು ನಕ್ಕರು. ‘ಯಾಕ, ಪುಟ್ಟಿ?’

‘ಗೌರವ್ವಜ್ಜಿ ಉಂಡಿ ಡಬ್ಬಿ ಅಟ್ಟದ ಮ್ಯಾಲ ಇಡತಾಳರಿ. ನಾವು ಹೋದ ಕೂಡಲೆ ಸುಮ್ಮಕ ಅಟ್ಟ ಇಳದು, ಸಪ್ಪಳಿಲ್ಲದ ಅಡಗಿಮನಿಗೆ ಬಂದು, ಖಾಲಿ ಡಬ್ಬಿ ಮುಂದ ನಿಂತು ಒದರತಾಳ. ನಾವು ಅಡಗಿಮನಿ ಹುಡುಕತೇವಿ. ಅಲ್ಲೇನೂ ಇರೂದಿಲ್ಲ.’

‘ಮತ್ತ ನೀವು ಉಂಡಿ ಹೆಂಗ ಹುಡುಕಿದ್ರಿ?’

‘ಆಟ ಆಡಾಕ ಹೋದಂಗ ಮಾಡಿ, ಬಾಗಲ ಹಿಂದ ಅಡಗಿ ಕೂಡತೇವ್ರಿ. ಅಜ್ಜಿ ಸುಮ್ಮಾಗಿ ಎಲ್ಲಿಗೆ ಹೋಗತಾಳೋ, ಉಂಡಿ ಅಲ್ಲೇ.’

ಮಾಸ್ತರರ ನಗೆ ನಿಂತಿತು. ಕಾಕಾ ಬೆರಳು ತುಟಿಯ ಮೇಲಿಟ್ಟು ಎಲ್ಲರನ್ನೂ ಒಡ್ಡಿನ ಹಿಂದೆ ಕೂರಿಸಿದರು. ಹ್ಯಾಟಿನ ಮಾಸ್ತರರು, ವಕೀಲರು, ಕಾನ್ವೆಂಟಿನಲ್ಲಿ ಕಲಿತ ನಾನು, ಎಲ್ಲರೂ ಉಂಡಿ ಕಳ್ಳರಂತೆ ಮಂಡಿಯೂರಿ ಕುಳಿತೆವು! ಬಾಬು ಸೀನು ತಡೆಯಲು ಎರಡೂ ಕೈಯಿಂದ ಮೂಗು ಹಿಡಿದುಕೊಂಡಿದ್ದ. ಹಕ್ಕಿ ಇನ್ನೂ ನಾಲ್ಕು ಸಲ ಒದರಿತು. ಉತ್ತರ ಬರಲಿಲ್ಲ. ಸುಮ್ಮನಾಯಿತು. ಆಚೆ ಈಚೆ ನೋಡಿತು. ಆಮೇಲೆ, ಅಯ್ಯೋ, ಆ ನಡಿಗೆಯನ್ನು ನೀವು ನೋಡಬೇಕಿತ್ತು! ಸೆರಗು ಸರಿಮಾಡಿಕೊಂಡು ಅಟ್ಟದ ಕಡೆ ಹೊರಟ ಗೌರವ್ವಜ್ಜಿಯೇ ಸೈ. ನಾಲ್ಕು ಹೆಜ್ಜೆ, ನಿಂತು ನೋಟ. ನಾಲ್ಕು ಹೆಜ್ಜೆ, ನಿಂತು ನೋಟ. ಮಾಸ್ತರರು ಮುಂಜಾನೆಯಿಂದ ಹುಡುಕಿದ ಜಾಗಕ್ಕೆ ಪೂರಾ ವಿರುದ್ಧ ದಿಕ್ಕಿನಲ್ಲಿ, ಬಟಾಬಯಲಿನಲ್ಲಿ, ನೆಲದ ಮೇಲೆ ಮೆಲ್ಲಗೆ ಕುಳಿತುಬಿಟ್ಟಿತು.

ಹತ್ತಿರ ಹೋಗಿ ಕಂಡೆವು. ಗೂಡೆಂಬುದೇ ಇಲ್ಲ. ಸಣ್ಣ ಕುಳಿ, ಸುತ್ತ ಹರಳು, ನಡುವೆ ಮಣ್ಣುಹೆಂಟೆಯ ಬಣ್ಣದ, ಕರಿ ಮಚ್ಚೆಯ ನಾಲ್ಕು ತತ್ತಿ. ನಾಲ್ಕೂ ತಮ್ಮ ಚೂಪು ತುದಿಯನ್ನು ಒಳಮುಖ ಮಾಡಿ, ತಲೆ ಕೂಡಿಸಿ ಗುಟ್ಟು ಆಡುವ ಹುಡುಗಿಯರಂತೆ ಕುಳಿತಿದ್ದವು. ಒಂದು ಗಳಿಗೆ ನೋಡಿದ್ದಷ್ಟೇ. ‘ಸಾಕು, ಅಜ್ಜಿ ಗಾಬರಿ ಆಗ್ಯಾಳ’ ಎಂದು ಕಾಕಾ ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡರು.

ಒಡ್ಡಿನ ಮೇಲೆ ಬಂದು ಮಾಸ್ತರರು ಹ್ಯಾಟು ತೆಗೆದರು. ನನಗೋ ನಮ್ಮವರಿಗೋ ಅಲ್ಲ, ಶಾಂತಾಳಿಗೆ! ನೋಟುಬುಕ್ಕು ಬಿಚ್ಚಿ, ‘ನಿಮ್ಮ ಅಜ್ಜಿ ಹೆಸರು ಇನ್ನೊಮ್ಮೆ ಹೇಳವಾ’ ಎಂದು ಬರೆದುಕೊಂಡರು. ಗದಗಿನ ಗೌರವ್ವಜ್ಜಿ ಇವತ್ತಿಗೂ ಯಾವುದೋ ಕಾಲೇಜಿನ ಪುಸ್ತಕದಲ್ಲಿ ತತ್ತಿ ಕಾಯುತ್ತ ಕುಳಿತಿದ್ದಾರು.

ಆ ಹೊತ್ತಿನ ಕಾಕಾನ ಮುಖವನ್ನು ಏನೆಂದು ಹೇಳಲಿ! ಇಡೀ ಗೂಡ್ಸ್ ಗಾಡಿಯ ಮಾಲು ಒಂದು ನಗವೂ, ಒಂದು ಗಂಟೂ ಕಳೆಯದೆ ಮುಟ್ಟಿದಂತೆ ಬೆಳಗುತ್ತಿತ್ತು. ಕಿಸೆಯಿಂದ ಚೀಟಿ ತೆಗೆದು ಬರೆದರು: ‘ಗೌರವ್ವ. ಗದಗ. ನಾಲ್ಕು ನಗ. ಒಡೆಯುವ ಮಾಲು, ಜೋಪಾನ.’ ಬರೆದು, ಮತ್ತೆ ಕಿಸೆಯಲ್ಲೇ ಇಟ್ಟುಕೊಂಡರು.

‘ಕಟ್ಟೂದಿಲ್ಲೇನ್ರಿ ಅಜ್ಜಾ?’ ಬಾಬು ಕೇಳಿದ.

‘ಕಟ್ಟಿದರ ಕಳ್ಳರಿಗೆ ಅಟ್ಟದ ದಾರಿ ತೋರಿಸಿದಂಗ ಆತು. ಕೆಲವು ಚೀಟಿ ಸುಮ್ಮನ ಕಿಸೆದಾಗ ಇರಬೇಕಪಾ, ಹೊತ್ತು ಬರೂತನಕ.’

ಮರಳುವ ಗಾಡಿಯಲ್ಲಿ ಮಕ್ಕಳು ಕಾಕಾನ ಎರಡೂ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ನಮ್ಮವರೂ ತೂಕಡಿಸಿದರು. ಮಗಳು ಗೆದ್ದ ಹೆಮ್ಮೆಯಲ್ಲಿ ನಾನು ನನ್ನ ಪಣವನ್ನು ಮರೆತೇಬಿಟ್ಟಿದ್ದೆ ಎಂದು ಹೇಳಿದರೆ ಸುಳ್ಳಾದೀತು. ಧಾರವಾಡ ಬಂತು, ಹೋಯಿತು. ಇನ್ನು ಅರ್ಧ ತಾಸಿನಲ್ಲಿ ಹುಬ್ಬಳ್ಳಿ. ಕೇಳಿಯೇಬಿಟ್ಟೆ.

‘ಕಾಕಾ, ಖರೇ ಹೇಳ್ರಿ. ಈ ಮನಿಗೆ ನಾ ಇನ್ನೂ ಹೊರಗಿನಾಕಿನ ಏನ?’

ಅಂದವಳೇ ಕಿಟಕಿಯ ಕಡೆ ತಿರುಗಿ, ಕಣ್ಣಲ್ಲಿ ಇದ್ದಲಿನ ಕಣ ಬಿದ್ದಿತೆಂಬ ನೆಪದಿಂದ ಸೆರಗು ಒತ್ತಿಕೊಂಡೆ. ಇಂಥ ಹೊತ್ತಿಗೆ ಎಂಜಿನ್ನಿನ ಹೊಗೆ ದೊಡ್ಡ ಉಪಕಾರಿ.

ಕಾಕಾ ಮೂಗು ಅರಳಿಸಿದರು. ‘ಏನ ಘಮ್ಮ ಅನ್ನಾಕತ್ತೈತಲ್ಲ?’

‘ಬಕುಳದ ಹೂರಿ. ಖಾತೂನಬಿ ಗಿಡದ್ದು. ನಮ್ಮ ಕಡೆ ಉದುರಿದ್ದುವು, ಸೆರಗಿಗೆ ಕಟ್ಟಿಕೊಂಡೇನಿ.’

ಕಾಕಾ ನನ್ನನ್ನೇ ನೋಡಿದರು. ಮೀಸೆಯೊಳಗೆ ಏನೋ ಆಡಿತು.

‘ನಿನ್ನ ಮಾಲು ಮುಟ್ಟೈತಿ, ತಂಗಿ. ಎಂಟು ದಿನ ಆತು. ಬಿಡಿಸಿಕೊಂಡು ಹೋಗೂದು ನಿನಗ ಬಿಟ್ಟದ್ದು.’

ಅಷ್ಟೇ! ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಇದೇನು ಚೇಷ್ಟೆ? ನನ್ನ ಕಣ್ಣೀರಿಗೂ ಗೋದಾಮಿನ ಭಾಷೆಯೇ? ಹುಬ್ಬಳ್ಳಿಯ ಸ್ಟೇಷನ್ನಿನಿಂದ ಮನೆಯವರೆಗೆ ನಾನು ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ.

ಮನೆಯಲ್ಲಿ ಶಾಂತಾ ಟಿಟ್ಟಿಭದ ನಡಿಗೆಯನ್ನು ನಡೆದು ತೋರಿಸಿದಳು. ಅತ್ತೆಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕೂಡಲೇ ಎಚ್ಚೆತ್ತು, ಕಾಕಾನ ಕೈಗೆ ಓಂಕಾಳಿನ ಬಟ್ಟಲು ಹಿಡಿಸಿದರು. ಈ ಸಲ ಅವರು ಚಕಾರವೆತ್ತದೆ ನುಂಗಿದರು. ನಾನು ಬುತ್ತಿಯ ಡಬ್ಬಿ ತಿಕ್ಕಲು ಹಿತ್ತಲಿಗೆ ಬಂದೆ. ಹೊತ್ತು ಮುಳುಗಲು ಇನ್ನೂ ಒಂದು ಗಳಿಗೆ ಇತ್ತು.

ಗೋಡೆಯ ಮೇಲೆ ಖಾತೂನಬಿಯ ಮುಖ ಕಂಡಿತು. ಆಚೆ ಒಗೆಯುವ ಕಲ್ಲನ್ನೇರಿ ನಿಂತು, ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದಳು.

‘ಬಂದ್ರೇನ್ರಿ ಅಕ್ಕಾರ? ಕಾಕಾ ಇವತ್ತ ಮುಂಜಾನೆ ತಂಬಿಗಿ ತಗೊಂಡು ಬರಲಿಲ್ಲ ನೋಡ್ರಿ. ಹಿಂಗಾಗಿ ನಿಮ್ಮ ಗಿಡಕ್ಕ ನಾನ ನೀರ ಹಾಕೀನಿ.’

ನಾನು ಡಬ್ಬಿ ಕೆಳಗಿಟ್ಟೆ. ‘ನಮ್ಮ ಗಿಡಾ?’

‘ಈ ಬಕುಳದ್ದರಿ. ನೀವು ಮದಲಗಿತ್ತಿ ಆಗಿ ಬಂದ ವರ್ಷ ಹಚ್ಚ್ಯಾರಲ್ಲ? ನಿಮ್ಮ ಹಿತ್ತಲದಾಗ ಪಲ್ಯೆದ ಮಡಿ ಬಿಟ್ಟರ ಎಲ್ಲಾ ಹಾಸಗಲ್ಲು. ಸೊಸಿ ಅಡಗಿಮನಿ ಕಿಟಕಿಗೆ ವಾಸನಿ ಹೋಗಬೇಕು, ಜಾಗಾ ಕೊಡ ತಂಗಿ ಅಂದ್ರು. ಹೂ ಬಿಡೂತನಕ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿದ್ರು ನನಗ. ಈಗ ಬಿಟ್ಟಾವಲ್ಲ. ನೋಡ್ರಿ, ಮ್ಯಾಲಿನ ಟೊಂಗಿಗೆ ಒಂದು ರಟ್ಟಿನ ಚೀಟಿ ಬ್ಯಾರೆ ಕಟ್ಟ್ಯಾರ. ನನಗೇನ ಓದಾಕ ಬರತೈತೇನ?’

ತಲೆಯೆತ್ತಿದೆ. ಹನ್ನೊಂದು ವರ್ಷ ಗೋಡೆಯ ಬಿರುಕು ಎಣಿಸಿದವಳು, ಎಂಟು ದಿನ ನೆಲದ ಹೂ ಆರಿಸಿದವಳು, ಒಮ್ಮೆಯೂ ಮೇಲೆ ನೋಡಿರಲಿಲ್ಲ. ಕಪ್ಪುಹಸಿರು ಎಲೆಗಳ ನಡುವೆ ರಟ್ಟಿನ ಚೀಟಿ ಗಾಳಿಗೆ ತಿರುಗಿತು. ನನ್ನ ಹೆಸರು, ಅದರ ಕೆಳಗೆ, ‘ಬೆಳಗಾವಿಯಿಂದ. ಮುಟ್ಟಿತು.’ ಒಳಗೆ ಕಾಕಾ ಮಕ್ಕಳೊಂದಿಗೆ ಟಿಟ್ಟಿಭದ ಕೂಗು ಕೂಗುತ್ತಿದ್ದರು. ತುಸು ಹೆಚ್ಚೇ ಜೋರಾಗಿ ಕೂಗುತ್ತಿದ್ದರು.

ಖಾತೂನಬಿ ಕೊನೆಯ ಬಟ್ಟೆಯನ್ನು ಝಾಡಿಸಿ ಮಡಚಿದಳು.

‘ನಮ್ಮ ಆಡು ಎರಡು ಸಲ ಬೋಳಿಸಿತ್ತರಿ ಇದನ್ನ. ಇದು ಬದುಕೂದಿಲ್ಲ, ಕಿತ್ತ ಒಗೀರಿ ಕಾಕಾ ಅಂತ ನಾನರೇ ಎಷ್ಟು ಸಲ ಹೇಳೇನಿ. ಪರ ಊರಿನ ಸಸಿ ಐತಿ, ಬೇರು ಬಿಡಾಕ ಹೊತ್ತು ಹಿಡೀತೈತಿ, ನೀ ಆಡು ಕಟ್ಟಿಹಾಕು ಅಂತ ನನಗ ಬೈದ್ರು ನೋಡ್ರಿ.’